ಪೇಟೆ ಮಂದಿ ನಿಲ್ಲಿಸಿದ ನೆಲ್ಸನ್

ಜೋಸೆಫ್ ಫ್ಯಾರರ್ ಎಂಬ ಹರಾಜುಗಾರನೊಬ್ಬ ಬರ್ಮಿಂಗ್‌ಹ್ಯಾಮ್‌ನ ಹೈ ಸ್ಟ್ರೀಟಿನಲ್ಲಿದ್ದ. ಅವನು ಬರೆದಿಟ್ಟ ಉಯಿಲಿನಲ್ಲಿ ಬುಲ್ ರಿಂಗ್ ಪೇಟೆಯ ನಡುವೆ ನಿಂತ ನೌಕಾಧಿಪತಿ ನೆಲ್ಸನ್ ಪ್ರತಿಮೆಗೂ ಒಂದು ಪಾಲು ಇತ್ತು. ಪ್ರತಿಮೆಯನ್ನೂ ಅದರ ಪೀಠವನ್ನೂ ತೊಳೆದು ಚೊಕ್ಕವಾಗಿಡಲು ವಾರಕ್ಕೆ ಆರು ಪೆನ್ಸ್. ದೊಡ್ಡ ಮೊತ್ತವೇನಲ್ಲ. ಆದರೆ ಕುಲುಮೆಗಳು ಬೆಳಗಿನಿಂದ ರಾತ್ರಿಯವರೆಗೆ ಕಲ್ಲಿದ್ದಲಿನ ಹೊಗೆ ಕಾರುತ್ತಿದ್ದ ಆ ಊರಿನಲ್ಲಿ ಪ್ರತಿಮೆಗೆ ಹೂಹಾರಕ್ಕಿಂತ ಮೊದಲು ಬೇಕಾದದ್ದು ನೀರು, ಬಟ್ಟೆ, ಒಬ್ಬ ಕೂಲಿಯಾಳು ಎಂಬುದು ಫ್ಯಾರರ್‌ಗೆ ಗೊತ್ತಿತ್ತು. ದೊರೆಯೋ ಸರ್ಕಾರವೋ ನಿಲ್ಲಿಸಿದ ಪ್ರತಿಮೆಗಾಗಿ ಹರಾಜುಗಾರನೊಬ್ಬ ಉಯಿಲು ಬರೆಯುವುದು ಕಷ್ಟ. ಇದನ್ನು ಊರಿನವರೇ ವಂತಿಗೆ ಎತ್ತಿ ನಿಲ್ಲಿಸಿದ್ದರು.

1809ರ ಅಕ್ಟೋಬರ್ 25ರಂದು ಅನಾವರಣಗೊಂಡ ಈ ಕಂಚಿನ ಮೂರ್ತಿ ಬ್ರಿಟನ್ನಿನಲ್ಲಿ ನೆಲ್ಸನ್‌ಗೆ ನಿಂತ ಮೊದಲ ಪ್ರತಿಮೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕಂಬದ ತುದಿಗೆ ನೆಲ್ಸನ್ ಏರಿದ್ದು 1843ರಲ್ಲಿ. ಅಂದರೆ ರಾಜಧಾನಿಗಿಂತ ಮೂವತ್ತನಾಲ್ಕು ವರ್ಷ ಮೊದಲೇ, ಬಂದರಾಗಲಿ ನೌಕಾನೆಲೆಯಾಗಲಿ ಇಲ್ಲದ, ಇಂಗ್ಲೆಂಡಿನ ನಟ್ಟನಡುವಿನ ಒಂದು ಕಮ್ಮಾರರ ಊರು ಕಡಲ ವೀರನನ್ನು ತನ್ನ ತರಕಾರಿ ಪೇಟೆಗೆ ತಂದುಕೊಂಡಿತ್ತು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ ಆಗಿರುವ ಊರಿಗೆ ನೌಕಾಧಿಪತಿಯ ಮೇಲೆ ಇಷ್ಟು ಅಕ್ಕರೆ ಎಲ್ಲಿಂದ ಬಂತು?

ಒಂದು ಕಾರಣ, ಊರಿನ ಕಸುಬು. ಗುಂಡಿ, ಬಕಲ್, ಕತ್ತಿ, ಬಂದೂಕು, ಬೀಗ, ನಾಣ್ಯ, ಹೀಗೆ ಲೋಹದ ಸಣ್ಣಪುಟ್ಟ ಸಾಮಾನುಗಳನ್ನು ಮಾಡಿ ಜಗತ್ತಿಗೆಲ್ಲ ಮಾರುತ್ತಿದ್ದ ಊರು ಅದು. ಕಾಲುವೆಯಲ್ಲಿ ಹೊರಟ ಮಾಲು ಕೊನೆಗೆ ಹಡಗು ಹತ್ತಲೇಬೇಕು. ಫ್ರೆಂಚರು ಕಡಲ ಹಾದಿ ಮುಚ್ಚಿದರೆ ಬರ್ಮಿಂಗ್‌ಹ್ಯಾಮ್‌ನ ಒಲೆ ಆರುತ್ತದೆ. ನೆಲ್ಸನ್ ಗೆದ್ದಾಗಲೆಲ್ಲ ಇಲ್ಲಿನ ಕೆಲಸಗಾರನಿಗೆ ಅದು ಅನ್ನದ ಸುದ್ದಿಯೂ ಆಗಿತ್ತು.

ಇನ್ನೊಂದು ಕಾರಣ, ಅವನನ್ನು ಅವರು ಕಣ್ಣಾರೆ ಕಂಡಿದ್ದರು. 1802ರಲ್ಲಿ ಫ್ರಾನ್ಸಿನೊಂದಿಗೆ ಸ್ವಲ್ಪ ಕಾಲ ಶಾಂತಿ ನೆಲೆಸಿತ್ತು. ಆ ಬೇಸಿಗೆಯಲ್ಲಿ ನೆಲ್ಸನ್, ಸರ್ ವಿಲಿಯಂ ಹ್ಯಾಮಿಲ್ಟನ್ ಮತ್ತು ಎಮ್ಮಾ ಹ್ಯಾಮಿಲ್ಟನ್ ಜೊತೆಗೂಡಿ ವೇಲ್ಸ್ ಕಡೆಗೆ ಸುತ್ತಾಟ ಹೊರಟರು. ಮರಳುವಾಗ ಆಗಸ್ಟ್ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತಂಗಿದರು. ಬೀದಿ ತುಂಬ ಜನ, ರಂಗಮಂದಿರದಲ್ಲಿ ನೂಕುನುಗ್ಗಲು. ಆದರೆ ನೆಲ್ಸನ್ ಹೂಹಾರ ಹಾಕಿಸಿಕೊಂಡು ಹೊರಟುಹೋಗಲಿಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ ನಡೆದ. ಬಣ್ಣದ ಗಾಜಿನ ಕೆಲಸ, ಕತ್ತಿ ಮಾಡುವ ಕಡೆ, ಎಲ್ಲ ನೋಡಿದ. ಸೋಹೊ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್‌ನ ಮನೆಗೂ ಹೋದ. ಜೇಮ್ಸ್ ವ್ಯಾಟ್‌ನ ಪಾಲುದಾರನಾಗಿ ಹಬೆಯಂತ್ರಗಳನ್ನು ಲೋಕಕ್ಕೆ ಮಾರಿದ, ಹಬೆಯ ಬಲದಿಂದಲೇ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಕಟ್ಟಿದ ಬೋಲ್ಟನ್ ಆಗ ಹಾಸಿಗೆ ಹಿಡಿದಿದ್ದ. ಮಲಗುವ ಕೋಣೆಯಲ್ಲೇ ಅತಿಥಿಯನ್ನು ಬರಮಾಡಿಕೊಂಡ.

ಮೂರು ವರ್ಷ ಕಳೆದು 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್‌ನಲ್ಲಿ ನೆಲ್ಸನ್ ಗೆದ್ದೂ ಸತ್ತ. ಆ ಕದನದಲ್ಲಿ ಹೋರಾಡಿದ ಪ್ರತಿಯೊಬ್ಬ ನಾವಿಕನಿಗೂ ಒಂದೊಂದು ಪದಕ ಕೊಡುವುದಾಗಿ ಬೋಲ್ಟನ್ ಮುಂದೆ ಬಂದ. ಖರ್ಚೆಲ್ಲ ಅವನದೇ. ಅಚ್ಚು ಕೆತ್ತಿದವನು ಕಾನ್ರಾಡ್ ಹೈನ್ರಿಕ್ ಕ್ಯೂಕ್ಲರ್ ಎಂಬ ಜರ್ಮನ್ ಕುಶಲಕರ್ಮಿ. ದೊಡ್ಡ ಅಧಿಕಾರಿಗಳಿಗೆ ಬೆಳ್ಳಿ, ಸಾಮಾನ್ಯ ನಾವಿಕರಿಗೆ ತವರದ ಮಿಶ್ರಲೋಹ. ಇಷ್ಟು ಅಗ್ಗದ ಲೋಹವೇ ಎಂದು ಮುನಿಸಿಕೊಂಡು ಕೆಲವರು ಪದಕವನ್ನು ಕಡಲಿಗೆ ಎಸೆದರೆಂದು ಹೇಳುತ್ತಾರೆ.

ಕನ್ನಡದ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇದೇ ಸೋಹೊ ಟಂಕಸಾಲೆ, ಇದೇ ಕ್ಯೂಕ್ಲರ್, ಕೆಲವೇ ವರ್ಷಗಳ ಹಿಂದೆ ಇನ್ನೊಂದು ಪದಕ ಮಾಡಿದ್ದರು. ಅದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಕೋಟೆ ಒಡೆದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಪಡೆಗೆ ಹಂಚಲು ಮಾಡಿಸಿದ್ದು. ಒಂದು ಮುಖದಲ್ಲಿ ಹುಲಿಯನ್ನು ಕೆಡವಿ ಮೇಲೆ ನಿಂತ ಸಿಂಹ, ಇನ್ನೊಂದು ಮುಖದಲ್ಲಿ ಕೋಟೆಯ ಒಡಕಿನತ್ತ ನುಗ್ಗುವ ಸೈನ್ಯ. ಅದರಲ್ಲೂ ದರ್ಜೆಗೆ ತಕ್ಕ ಲೋಹ: ಮೇಲಿನವರಿಗೆ ಚಿನ್ನ, ಆಮೇಲೆ ಬೆಳ್ಳಿ, ಕಂಚು, ಕೊನೆಗೆ ಸಿಪಾಯಿಗೆ ತವರ. ಕಾವೇರಿ ದಂಡೆಯ ಸೋಲನ್ನೂ ಟ್ರಫಾಲ್ಗರ್‌ನ ಗೆಲುವನ್ನೂ ಒತ್ತಿದ್ದು ಒಂದೇ ಕಾರ್ಖಾನೆ.

ನೆಲ್ಸನ್‌ಗೂ ಮೈಸೂರಿಗೂ ಇದ್ದ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಅವನು ಬದುಕಿನಲ್ಲಿ ಮೊದಲ ಬಾರಿ ಗುಂಡಿನ ಸದ್ದು ಕೇಳಿದ್ದೇ ಮೈಸೂರಿನ ಹಡಗುಗಳಿಂದ. 1775ರ ಫೆಬ್ರುವರಿಯಲ್ಲಿ, ಹದಿನಾರರ ಹುಡುಗನಾಗಿ, ಕಂಪನಿಯ ಹಣ ಹೊತ್ತು ಬೊಂಬಾಯಿಗೆ ಹೊರಟಿದ್ದ ‘ಸೀಹಾರ್ಸ್’ ಯುದ್ಧನೌಕೆಯಲ್ಲಿ ಅವನಿದ್ದ. ಹೈದರ್ ಅಲಿಯ ಎರಡು ಸಣ್ಣ ಹಡಗುಗಳು ಎದುರಾದವು. ಎರಡೂ ಕಡೆಯಿಂದ ಸ್ವಲ್ಪ ಹೊತ್ತು ಗುಂಡು ಹಾರಿ, ಹೈದರನ ಹಡಗುಗಳು ಹಿಂದೆ ಸರಿದವು. ಮುಂದಿನ ವರ್ಷ ಜ್ವರದಲ್ಲಿ ಬೆಂದು ಸಾವಿನ ಬಾಗಿಲು ತಟ್ಟಿದ ಹುಡುಗನನ್ನು ಊರಿಗೆ ವಾಪಸು ಕಳಿಸಿದರು. ಇಪ್ಪತ್ತೆರಡು ವರ್ಷಗಳ ನಂತರ, 1798ರ ಆಗಸ್ಟ್ 1ರಂದು, ಅದೇ ಹುಡುಗ ನೈಲ್ ನದಿಯ ಮುಖಜ ಭೂಮಿಯ ಬಳಿ ಫ್ರೆಂಚ್ ನೌಕಾಪಡೆಯನ್ನು ಸುಟ್ಟು ಹಾಕಿದ. ಕದನ ಮುಗಿದೊಡನೆ ಅವನು ಒಬ್ಬ ಲೆಫ್ಟಿನೆಂಟನನ್ನು ನೆಲದ ಹಾದಿಯಲ್ಲಿ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬೊಂಬಾಯಿಗೆ ಓಡಿಸಿ ಸುದ್ದಿ ಮುಟ್ಟಿಸಿದ. ನೆಪೋಲಿಯನ್ ಈಜಿಪ್ಟಿನಲ್ಲೇ ಸಿಕ್ಕಿಬಿದ್ದ. ಟಿಪ್ಪುವಿಗೆ ಅವನು ಬರೆದ ಪತ್ರವೂ ದಾರಿಯಲ್ಲಿ ಬ್ರಿಟಿಷರ ಕೈ ಸೇರಿತು. ಕಂಪನಿ ಸಂತೋಷಪಟ್ಟು ನೆಲ್ಸನ್‌ಗೆ 10,000 ಪೌಂಡ್ ಕೊಟ್ಟಿತು. ಫ್ರೆಂಚರ ನೆರವು ಬಾರದೆ ಶ್ರೀರಂಗಪಟ್ಟಣ ಒಂಬತ್ತು ತಿಂಗಳಲ್ಲಿ ಬಿತ್ತು.

ಈಗ ಪ್ರತಿಮೆಯ ವಿಷಯಕ್ಕೆ ಬರೋಣ. ಊರಿನವರು ಸೇರಿಸಿದ ವಂತಿಗೆ 2,500 ಪೌಂಡ್. ಶಿಲ್ಪಿಯಾಗಿ ಗೊತ್ತಾದವನು ರಿಚರ್ಡ್ ವೆಸ್ಟ್‌ಮಾಕಟ್. ರೋಮ್‌ನಲ್ಲಿ ಕನೋವಾನ ಬಳಿ ಕಲಿತು ಬಂದವನು. ಆಗಷ್ಟೇ ಊರಿನ ಬೀದಿ ಆಯುಕ್ತರು ಸೇಂಟ್ ಮಾರ್ಟಿನ್ ಚರ್ಚಿನ ಸುತ್ತ ಒತ್ತೊತ್ತಾಗಿದ್ದ ಹಳೆಯ ಕಟ್ಟಡಗಳನ್ನು ಕೆಡವಿಸಿ ಪೇಟೆಗೆ ಜಾಗ ಬಿಡಿಸುತ್ತಿದ್ದರು. 1166ರಲ್ಲಿ ಎರಡನೇ ಹೆನ್ರಿ ದೊರೆ ಕೊಟ್ಟ ಸನದಿನಿಂದ ಅಲ್ಲಿ ಸಂತೆ ನಡೆಯುತ್ತ ಬಂದಿತ್ತು. ಚರ್ಚಿನ ಎದುರು ಇಳಿಜಾರಾಗಿ ಹರಡಿದ ಆ ಬಯಲಿನ ನಡುವೆ ನೆಲ್ಸನ್ ನಿಂತ. ಮೂರನೇ ಜಾರ್ಜ್ ತನ್ನ ಆಳ್ವಿಕೆಯ ಐವತ್ತನೇ ವರ್ಷಕ್ಕೆ ಕಾಲಿಟ್ಟ ದಿನವನ್ನೇ ಅನಾವರಣಕ್ಕೆ ಆರಿಸಿಕೊಂಡಿದ್ದರು. ಬೋಲ್ಟನ್ ಅದನ್ನು ನೋಡಲಿಲ್ಲ. ಎರಡು ತಿಂಗಳ ಹಿಂದೆ, ಆಗಸ್ಟ್ 17ರಂದು ತೀರಿಕೊಂಡಿದ್ದ.

ವೆಸ್ಟ್‌ಮಾಕಟ್ ತನ್ನ ವೀರನಿಗೆ ರೋಮನ್ನರ ನಿಲುವಂಗಿ ತೊಡಿಸಲಿಲ್ಲ. ತನ್ನ ಕಾಲದ ನೌಕಾ ಸಮವಸ್ತ್ರದಲ್ಲೇ ನೆಲ್ಸನ್ ನಿಂತಿದ್ದಾನೆ. ಬಲಗೈ ಇಲ್ಲದ ಖಾಲಿ ತೋಳು ಎದೆಗೆ ಸೇರಿದೆ, ಎಡಗೈ ಲಂಗರಿನ ಮೇಲೆ ಒರಗಿದೆ. ಕತ್ತಿ ಝಳಪಿಸುವುದಿಲ್ಲ, ಬೆರಳು ತೋರಿಸಿ ಆಜ್ಞೆ ಮಾಡುವುದಿಲ್ಲ. ಪಕ್ಕದಲ್ಲಿ ಹಡಗಿನ ಮೂತಿ. ಅದರ ಮೇಲೆ ನೈಲ್ ಕದನದಲ್ಲಿ ಸಿಡಿದುಹೋದ ಫ್ರೆಂಚ್ ಹಡಗು ‘ಲೋರಿಯಾಂ’ನ ಧ್ವಜಗಂಬದ ತುದಿಯ ಗುಬಟಿನ ಪ್ರತಿರೂಪ. ನಮ್ಮ ಚರಿತ್ರೆಯನ್ನು ಬಲ್ಲವರು ಆ ಗುಬಟನ್ನು ಸುಮ್ಮನೆ ನೋಡಿ ಮುಂದೆ ಹೋಗಲಾರರು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಕಂಚಿನ ಕೆಳಗಿದ್ದ ಅಮೃತಶಿಲೆಯ ಮೇಲೆ. ಪೀಠ ಉರುಟಾಗಿತ್ತು. ಪೀಠವೆಂದರೆ ಸಾಮಾನ್ಯವಾಗಿ ಕದನದ ದೃಶ್ಯ, ಸೋತ ಶತ್ರು, ಉರಿಯುವ ಹಡಗು ಕೆತ್ತುತ್ತಾರೆ. ಇಲ್ಲಿ ವೆಸ್ಟ್‌ಮಾಕಟ್ ಕೆತ್ತಿದ್ದು ಬರ್ಮಿಂಗ್‌ಹ್ಯಾಮ್ ಊರನ್ನೇ: ತಲೆಯ ಮೇಲೆ ಕೋಟೆಗೋಡೆಯ ಆಕಾರದ ಕಿರೀಟ ತೊಟ್ಟು ದುಃಖದಲ್ಲಿ ಬಾಗಿ ಕುಳಿತ ಹೆಂಗಸು. ಸುತ್ತ ಪುಟ್ಟ ಮಕ್ಕಳು. ಅವಳನ್ನು ಸಮಾಧಾನಪಡಿಸಲು ತ್ರಿಶೂಲ, ಚುಕ್ಕಾಣಿ ಹಿಡಿದು ತರುತ್ತಿದ್ದಾರೆ. ಪ್ರತಿಮೆಯ ಸುತ್ತ ಕಬ್ಬಿಣದ ಬೇಲಿ, ಅದರ ಸರಳುಗಳು ನಾವಿಕರ ಈಟಿಯ ಆಕಾರದವು, ಅವನ್ನು ಕೂಡಿಸಿದ್ದು ಹೆಣೆದ ಹಗ್ಗದಂತೆ ಎರಕ ಹೊಯ್ದ ಕಬ್ಬಿಣ. ನಾಲ್ಕು ಮೂಲೆಗೆ ನೆಟ್ಟಗೆ ನಿಲ್ಲಿಸಿದ ನಾಲ್ಕು ಫಿರಂಗಿ, ಪ್ರತಿ ಫಿರಂಗಿಯ ಬಾಯಿಂದ ಮೇಲೇಳುವ ದೀಪದ ಕಂಬ, ಅದರ ತುದಿಗೆ ಹಡಗಿನ ಲಾಟೀನು. ಕಬ್ಬಿಣದ ಕೆಲಸದಲ್ಲಿ ಪಳಗಿದ ಊರಿಗೆ ತಕ್ಕ ಬೇಲಿ.

ಆ ಬೇಲಿಗೆ ಒರಗಿಯೇ ಮುಂದಿನ ನೂರೈವತ್ತು ವರ್ಷ ಪೇಟೆ ನಡೆಯಿತು. ಹೂ ಮಾರುವ ಹೆಂಗಸರು ಅಲ್ಲೇ ಬುಟ್ಟಿ ಇಟ್ಟುಕೊಂಡು ಕೂತರು. ಬೀದಿಯಲ್ಲಿ ಧರ್ಮೋಪದೇಶ ಮಾಡುವವರು, ಸರಪಣಿ ಬಿಡಿಸಿಕೊಂಡು ತೋರಿಸುವ ಗಾರುಡಿಗರು ಅಲ್ಲೇ ಜನ ಸೇರಿಸಿದರು. ರಾಜಕೀಯವೂ ಅಲ್ಲಿಗೇ ಬಂತು. 1839ರ ಬೇಸಿಗೆಯಲ್ಲಿ ಮತದಾನದ ಹಕ್ಕು ಕೇಳುತ್ತಿದ್ದ ಚಾರ್ಟಿಸ್ಟ್ ಕಾರ್ಮಿಕರು ಬುಲ್ ರಿಂಗ್‌ನಲ್ಲಿ ಸಭೆ ಸೇರುತ್ತಿದ್ದರು. ಸಭೆ ನಿಷೇಧಿಸಿದ ಅಧಿಕಾರಿಗಳು ಜುಲೈ 4ರಂದು ಲಂಡನ್ನಿನಿಂದ ರೈಲಿನಲ್ಲಿ ಪೊಲೀಸರನ್ನು ಕರೆಸಿ ಜನರ ಮೇಲೆ ಬಿಟ್ಟರು. ಅದನ್ನು ಖಂಡಿಸಿದ್ದಕ್ಕೆ ಚಾರ್ಟಿಸ್ಟ್ ಮುಖಂಡ ವಿಲಿಯಂ ಲವೆಟ್ ಒಂದು ವರ್ಷ ಜೈಲು ಕಂಡ. ಜುಲೈ 15ರಂದು ಪೇಟೆಯ ಅಂಗಡಿಗಳಿಗೆ ಬೆಂಕಿ ಬಿತ್ತು. ಪ್ರತಿಮೆಗೆ ವಂತಿಗೆ ಕೊಟ್ಟ ತಲೆಮಾರಿನ ಮಕ್ಕಳೇ ಅದರ ಸುತ್ತ ಸೇರಿ ಓಟು ಕೇಳಿದರು, ಏಟು ತಿಂದರು. ಬುಲ್ ರಿಂಗ್‌ನ ಕಥೆ ಹೇಳುವವರು ಈ ಎರಡು ದಿನಗಳನ್ನು ಬಿಟ್ಟು ಹೇಳಬಾರದು.

1940ರ ಆಗಸ್ಟ್‌ನಲ್ಲಿ ಜರ್ಮನ್ ಬಾಂಬುಗಳು ಪಕ್ಕದ ಮಾರ್ಕೆಟ್ ಹಾಲ್‌ನ ಚಾವಣಿ ಸುಟ್ಟವು. ವ್ಯಾಪಾರಿಗಳು ಬಯಲು ಆಕಾಶದ ಕೆಳಗೆ ಗೋಡೆಗಳ ನಡುವೆಯೇ ವ್ಯಾಪಾರ ಮುಂದುವರಿಸಿದರು. ಯುದ್ಧ ಕೆಡವದ್ದನ್ನು ಯೋಜನೆ ಕೆಡವಿತು. ನಗರದ ಎಂಜಿನಿಯರ್ ಹರ್ಬರ್ಟ್ ಮ್ಯಾನ್‌ಜೋನಿ ರೂಪಿಸಿದ ಒಳವರ್ತುಲ ರಸ್ತೆಗಾಗಿ ಹಳೆಯ ಪೇಟೆಯನ್ನು ಬಗೆದು ಹಾಕಿದರು. 1964ರಲ್ಲಿ ಕಾಂಕ್ರೀಟಿನ ಹೊಸ ಬುಲ್ ರಿಂಗ್ ಕೇಂದ್ರ ತೆರೆಯಿತು. ನೆಲ್ಸನ್‌ನನ್ನು ಎತ್ತಿ, ವಾಹನಗಳ ಗದ್ದಲದ ಅಂಚಿಗೆ, ಸಾದಾ ಕಲ್ಲಿನ ಪೀಠವೊಂದರ ಮೇಲೆ ನಿಲ್ಲಿಸಿದರು. ಅಮೃತಶಿಲೆಯ ಪೀಠ, ಅದರ ಮೇಲಿದ್ದ ಅಳುವ ತಾಯಿ, ಮಕ್ಕಳು, ಯಾವುದೂ ಉಳಿಯಲಿಲ್ಲ. ವೀರನನ್ನು ಉಳಿಸಿಕೊಂಡು ತನ್ನನ್ನೇ ತೋರಿಸುತ್ತಿದ್ದ ಕಲ್ಲನ್ನು ಊರು ಕಳೆದುಕೊಂಡಿತು. ಇದು ನನಗೆ ಸಂಕಟ ತರುವ ವಿಷಯ.

2003ರಲ್ಲಿ ಆ ಕಾಂಕ್ರೀಟೂ ಉರುಳಿ, 15,000 ಅಲ್ಯೂಮಿನಿಯಂ ಬಿಲ್ಲೆ ಹೊದ್ದ ಸೆಲ್ಫ್‌ರಿಜಸ್ ಕಟ್ಟಡದೊಂದಿಗೆ ಇಂದಿನ ಬುಲ್‌ರಿಂಗ್ ಬಂತು. ನೆಲ್ಸನ್ ಮತ್ತೆ ಸೇಂಟ್ ಮಾರ್ಟಿನ್ ಚರ್ಚಿನ ಮೇಲ್ಬದಿಗೆ, ಹಳೆಯ ಜಾಗದ ಆಸುಪಾಸಿಗೆ ಬಂದ. ಇಂದು ಅಲ್ಲಿ ಫೋಟೊ ತೆಗೆಸಿಕೊಳ್ಳಲು ಜನ ಮುಗಿಬೀಳುವುದು ಲಾರೆನ್ಸ್ ಬ್ರಾಡ್ರಿಕ್ ಮಾಡಿದ ಕಂಚಿನ ಗೂಳಿಯ ಬಳಿ.

ನೆಲ್ಸನ್‌ನ ಹೆಸರಿನ ಮೇಲೆ ಈಗ ಇನ್ನೊಂದು ಪ್ರಶ್ನೆಯೂ ಇದೆ. 1805ರಲ್ಲಿ ಜಮೈಕಾದ ತೋಟದ ಧಣಿ ಸೈಮನ್ ಟೇಲರ್‌ಗೆ ಬರೆದ ಪತ್ರದಲ್ಲಿ ಅವನು ಗುಲಾಮಗಿರಿಯ ವಿರೋಧಿಗಳನ್ನು ಹಳಿದಿದ್ದ. ಬರ್ಮಿಂಗ್‌ಹ್ಯಾಮ್‌ನ ಬಂದೂಕುಗಳೂ ಆಫ್ರಿಕಾ ಕರಾವಳಿಯ ಗುಲಾಮರ ವ್ಯಾಪಾರಕ್ಕೆ ಹೇರಳವಾಗಿ ಹೋಗಿದ್ದವು. ಇದೇ ವೆಸ್ಟ್‌ಮಾಕಟ್ ಮಾಡಿದ ಇನ್ನೊಬ್ಬ ನೆಲ್ಸನ್ 1813ರಿಂದ ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿದ್ದ. 2020ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಅದನ್ನು ಇಳಿಸಿತು. ಅದು ಸರಿಯಾದ ಕೆಲಸ ಎಂದೇ ನನ್ನ ಅಭಿಪ್ರಾಯ. ಸರಪಳಿ ತೊಟ್ಟು ಬದುಕಿದವರ ಮೊಮ್ಮಕ್ಕಳು ಅವನನ್ನು ಹೊತ್ತು ನಿಲ್ಲಬೇಕಾಗಿಲ್ಲ. ಬುಲ್ ರಿಂಗ್‌ನ ಪ್ರತಿಮೆ ಇರಲಿ, ಆದರೆ ಅದರ ಪಕ್ಕದ ಫಲಕದಲ್ಲಿ ಟ್ರಫಾಲ್ಗರ್ ಜೊತೆಗೆ ಜಮೈಕಾದ ಪತ್ರ, ಶ್ರೀರಂಗಪಟ್ಟಣದ ಪದಕ ಎರಡೂ ಬರಲಿ.

ಪೇಟೆ ಈಗ ಮತ್ತೆ ಜಾಗ ಬದಲಿಸುವ ಹೊತ್ತು. ಸಗಟು ಮಾರುಕಟ್ಟೆ 2018ರಲ್ಲಿ ವಿಟನ್‌ಗೆ ಹೋಯಿತು. ಅದು ಬಿಟ್ಟುಹೋದ, ಚರ್ಚಿನ ಕೆಳಬದಿಯ ಸ್ಮಿತ್‌ಫೀಲ್ಡ್ ಬಯಲಿಗೆ ತರಕಾರಿ, ಮೀನು, ಬಟ್ಟೆಯ ಚಿಲ್ಲರೆ ಅಂಗಡಿಗಳನ್ನೂ ಸಾಗಿಸುವ ಯೋಜನೆ ಇದೆ. ಅಂಗಡಿಗಳು ಕೆಳಗಿಳಿದರೆ ನೆಲ್ಸನ್ ಮಾಲ್‌ನವರ ಜೊತೆ ಮೇಲೆಯೇ ಉಳಿಯುವನೋ, ಮಾರುವವರ ಜೊತೆ ಇಳಿಯುವನೋ? ದುಡ್ಡು ಹಾಕಿದವರು ಯಾರೆಂದು ನೋಡಿದರೆ, ಅವನು ಇಳಿಯಬೇಕು.