‘ಜನರಿಗೆ ಗೊತ್ತಾಗಲ್ಲ’ ಅನ್ನೋ ಮೊದಲು ಅವರ ಪಕ್ಕ ಕೂತು ನೋಡಿ

‘ನಮ್ಮ ವ್ಯವಸ್ಥೆ ಚೆನ್ನಾಗೇ ಇದೆ, ಜನರಿಗೇ ಬಳಸೋಕೆ ಬರಲ್ಲ.’ ಸರ್ಕಾರಿ ಕಚೇರಿ, ಕಂಪನಿ, ಎನ್‌ಜಿಒ, ಎಲ್ಲ ಕಡೆಯೂ ಈ ಮಾತು ಕೇಳಿಬರುತ್ತೆ. ಸಮೀಕ್ಷೆ ಮಾಡಿಸಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಯಾಕಂದ್ರೆ ಪ್ರಶ್ನೆಗಳನ್ನು ಬರೆದವರೂ ಅದೇ ಕಚೇರಿಯವರು. ವಿದ್ಯಾರ್ಥಿಗಳು ಮಾಡುವ ಎಥ್ನೋಗ್ರಫಿ ಬೇಕಾಗುವುದು ಇಲ್ಲೇ ಎಂಬುದು ನನ್ನ ವಾದ.

ಎಥ್ನೋಗ್ರಫಿ ಅಂದರೆ ಜನರ ಜೊತೆ ದಿನಗಟ್ಟಲೆ ಇದ್ದು, ಅವರು ಹೇಳುವುದನ್ನು ಮಾತ್ರವಲ್ಲ, ಮಾಡುವುದನ್ನೂ ನೋಡಿ ಬರೆದುಕೊಳ್ಳುವುದು. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು ಮಾಡಿದ್ದು ಇದನ್ನೇ. ಪುಸ್ತಕದ ಜಾತಿ ಬೇರೆ, ಊರಿನ ಜಾತಿ ಬೇರೆ ಎಂದು ಅವರು ತೋರಿಸಿಕೊಟ್ಟರು.

ಸಂಸ್ಥೆಗಳಿಗೆ ಇದರಿಂದೇನು ಉಪಯೋಗ? ನಾವು ದಿನಾ ಬಳಸುವ ‘ಜೆರಾಕ್ಸ್’ ಪದದ ಹಿಂದಿರುವ ಕಂಪನಿಯನ್ನೇ ನೋಡಿ. 1980ರ ದಶಕದ ಆರಂಭದಲ್ಲಿ ಅದರ ಹೊಸ ಯಂತ್ರ ಬಳಸಲು ಕಷ್ಟ ಎಂಬ ದೂರುಗಳಿದ್ದವು. ಬರ್ಕ್ಲಿಯಲ್ಲಿ ಮಾನವಶಾಸ್ತ್ರದ ಪಿಎಚ್‌.ಡಿ ಮಾಡುತ್ತಿದ್ದ ಲೂಸಿ ಸಚ್‌ಮನ್, ಜನ ಆ ಯಂತ್ರದ ಮುಂದೆ ತಡಕಾಡುವುದನ್ನು ವಿಡಿಯೊ ಮಾಡಿದರು. ಹೆಸರಾಂತ ಕಂಪ್ಯೂಟರ್ ವಿಜ್ಞಾನಿಗಳೇ ಅದರ ಮುಂದೆ ಸುಸ್ತಾಗಿದ್ದರು! ಅಂದರೆ ಸಮಸ್ಯೆ ಬಳಸುವವರ ಬುದ್ಧಿಯದ್ದಲ್ಲ, ‘ಬಳಸುವವರು ಹೀಗೇ ನಡೆದುಕೊಳ್ತಾರೆ’ ಎಂದು ಮೊದಲೇ ಊಹಿಸಿಕೊಂಡ ವಿನ್ಯಾಸದ್ದು. ಅದೇ ಕಂಪನಿಯ ರಿಪೇರಿ ಕೆಲಸಗಾರರ ಜೊತೆ ಓಡಾಡಿದ ಇನ್ನೊಬ್ಬ ಪಿಎಚ್‌.ಡಿ ವಿದ್ಯಾರ್ಥಿ ಜೂಲಿಯನ್ ಆರ್. ಕೈಪಿಡಿ ಹೇಳದ್ದನ್ನು ಅವರೆಲ್ಲ ಊಟದ ಹೊತ್ತಿನ ಹರಟೆಯಲ್ಲಿ ಪರಸ್ಪರ ಕಲಿಯುತ್ತಿದ್ದಾರೆ ಅನ್ನೋದನ್ನು ಅವರು ಕಂಡುಕೊಂಡರು. 1990ರ ದಶಕದಲ್ಲಿ ಕಂಪನಿ ಆ ಅನುಭವಗಳನ್ನು ಎಲ್ಲರಿಗೂ ಹಂಚಲು ‘ಯುರೇಕಾ’ ಎಂಬ ವ್ಯವಸ್ಥೆಯನ್ನೇ ತಂದಿತು.

ಈಗ ನಮ್ಮೂರಿಗೆ ಬನ್ನಿ. 2023ರ ಜನವರಿಯಿಂದ ನರೇಗಾ ಕಾಮಗಾರಿಗಳಲ್ಲಿ ಆ್ಯಪ್ ಮೂಲಕ ಹಾಜರಿ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಫೋಟೊ. ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡೋದು? ಅಳತೆಯ ಕೆಲಸ ಬೇಗ ಮುಗಿಸಿದ ಹೆಣ್ಣುಮಕ್ಕಳು ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕೇ? ಡ್ಯಾಶ್‌ಬೋರ್ಡಿನಲ್ಲಿ ಇವರು ಬರೀ ‘ಗೈರುಹಾಜರಿ’. ಕಾಯಕ ಬಂಧುವಿನ ಪಕ್ಕ ಒಂದು ವಾರ ಕೂತ ವಿದ್ಯಾರ್ಥಿಗೆ ಆ ಗೈರುಹಾಜರಿಯ ಕಾರಣ ಕಾಣುತ್ತೆ.

ನಮ್ಮ ಎಂಎಸ್‌ಡಬ್ಲ್ಯು ಕೋರ್ಸುಗಳಲ್ಲಿ ಕ್ಷೇತ್ರಕಾರ್ಯ ಈಗಾಗಲೇ ಇದೆ. ಅದು ಫಾರಂ ತುಂಬಿಸುವ ಕೆಲಸವಾಗದಿದ್ದರೆ ಸಾಕು. ವಿದ್ಯಾರ್ಥಿಗೆ ಇನ್ನೊಂದು ಅನುಕೂಲವೂ ಇದೆ: ‘ನಂಗೆ ಗೊತ್ತಿಲ್ಲ, ಹೇಳ್ಕೊಡಿ ಅಕ್ಕಾ’ ಅಂತ ಕೇಳಬಹುದು. ಸಾಹೇಬರು ಹಾಗೆ ಕೇಳಲಾರರು.

ಆದರೆ ಹೀಗೆ ಸಿಕ್ಕ ತಿಳಿವಳಿಕೆ ಜನರ ಮೇಲೆ ಕಣ್ಣಿಡಲೂ ಬಳಕೆಯಾಗಬಹುದು. ಹಾಗಾಗಿ ಒಪ್ಪಿಗೆ ಇಲ್ಲದೆ ಬರೆಯಬಾರದು, ಹೆಸರು ಬಿಟ್ಟುಕೊಡಬಾರದು. ವರದಿಯನ್ನು ಸಂಸ್ಥೆಗೆ ಕೊಡುವ ಮುನ್ನ ಅದೇ ಜನರ ಮುಂದೆ ಓದಬೇಕು. ತಪ್ಪಿದ್ದರೆ ಅವರೇ ತಿದ್ದುತ್ತಾರೆ.