ಮೊದಲ ಅಧ್ಯಾಯ ನಾಸ್ತಿಕರದ್ದು

ಬೀರೂರಿನ ಮಹಾನವಮಿ ಬಯಲು. ದಸರಾ ಹೊತ್ತಿಗೆ ಮೈಲಾರಲಿಂಗನ ಕಾರ್ಣಿಕ ಕೇಳೋಕೆ ಜನ ಇಲ್ಲಿ ಕಿಕ್ಕಿರಿದು ನಿಲ್ತಾರೆ. ಇಂಥ ಊರಲ್ಲಿ ನಿಂತು ದೇವರಿಲ್ಲ ಅಂದವರ ವಿಚಾರ ತಿಳಿಯೋಕೆ ದೂರ ಹೋಗಬೇಕಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಶೃಂಗೇರಿ ಇದೆ.

ಒಂದೊಂದು ಅಧ್ಯಾಯದಲ್ಲಿ ಒಂದೊಂದು ದರ್ಶನದ ವಾದ ಹೇಳೋ 14ನೇ ಶತಮಾನದ ಗ್ರಂಥ 'ಸರ್ವದರ್ಶನ ಸಂಗ್ರಹ' ಬರೆದವರು ಮಾಧವಾಚಾರ್ಯರು. ಶೃಂಗೇರಿ ಪೀಠದ ವಿದ್ಯಾರಣ್ಯರೇ ಇವರು ಅನ್ನೋದು ಪರಂಪರೆಯ ಮಾತು. ಅದರ ಮೊದಲ ಅಧ್ಯಾಯ ಯಾರದ್ದು ಗೊತ್ತಾ? ದೇವರು, ಆತ್ಮ, ಪರಲೋಕ ಯಾವುದೂ ಇಲ್ಲ ಅಂದ ಚಾರ್ವಾಕರದ್ದು!

ಅವರ ವಾದ ನೋಡಿ. ಹೊಗೆ ಕಂಡರೆ ಬೆಂಕಿ ಇದೆ ಅಂತೀವಿ. ಆದರೆ ಎಲ್ಲ ಕಾಲದ, ಎಲ್ಲ ಊರಿನ ಹೊಗೆಯನ್ನೂ ನೋಡಿದವರು ಯಾರು? ನೋಡದೆ ನಿಯಮ ಹೇಗೆ ಮಾಡ್ತೀರಿ? ಒಲೆಯ ಹೊಗೆಗೇ ಈ ಪಾಡಾದರೆ ಕಾಣದ ಸ್ವರ್ಗದ ಗತಿ ಏನು? ಮುಂದಿನ ಅಧ್ಯಾಯದಲ್ಲಿ ಬೌದ್ಧರು ಮೊದಲು ಇದಕ್ಕೇ ಉತ್ತರ ಕೊಡಬೇಕಾಯ್ತು. ಒಪ್ಪದ ವಾದವನ್ನೂ ಇಷ್ಟು ಗಟ್ಟಿಯಾಗಿ ಬರೆದಿಟ್ಟ ಅದ್ವೈತಿ ಮಾಧವಾಚಾರ್ಯರ ಮೇಲೆ ನನಗೆ ತುಂಬಾ ಗೌರವ. ಯಾಕಂದ್ರೆ ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ಕಳೆದೇ ಹೋಗಿವೆ.

ಇನ್ನೊಂದು ವಿಷಯ. ಹಳೆಯ ದರ್ಶನಗಳಲ್ಲಿ ಆಸ್ತಿಕ, ನಾಸ್ತಿಕ ಅನ್ನೋದು ದೇವರಿಂದಲ್ಲ, ವೇದದಿಂದ ತೀರ್ಮಾನ ಆಗ್ತಿತ್ತು. ಸೃಷ್ಟಿಕರ್ತ ದೇವರು ಬೇಡ ಅಂದ ಮೀಮಾಂಸಕರು ಆಸ್ತಿಕರು, ಯಾಕಂದ್ರೆ ವೇದ ಒಪ್ಪಿದರು. ಬಸದಿ ಕಟ್ಟಿ ಪೂಜೆ ಮಾಡೋ ಜೈನರು ನಾಸ್ತಿಕರ ಪಟ್ಟಿಗೆ ಸೇರಿದರು, ವೇದ ಒಪ್ಪಲಿಲ್ಲ ಅಂತ.

ನಮ್ಮ ಕಾಲದಲ್ಲಿ ದೇವರನ್ನೇ ನೇರವಾಗಿ ಪ್ರಶ್ನಿಸಿದವರು ಸಾಹಿತಿ ಎ.ಎನ್. ಮೂರ್ತಿರಾವ್. ತೊಂಬತ್ತರ ವಯಸ್ಸಿನ ಆಸುಪಾಸಿನಲ್ಲಿ 'ದೇವರು' ಪುಸ್ತಕ ಕೊಟ್ಟರು. ಅದಕ್ಕೆ ಪಂಪ ಪ್ರಶಸ್ತಿಯೂ ಬಂತು. ನಂಬೋರೂ ನಂಬದೋರೂ ಓದಿ, ಕಮೆಂಟಲ್ಲಿ ವಾದ ಮಾಡೋಣ.