ನಿಮಗಿದು ಗೊತ್ತೆ? ಬೆರಳ ತುದಿಯಲ್ಲಿ ವಚನ ಭಂಡಾರ

ವಚನ ಓದಲು ಬೆಂಗಳೂರಿನ ಜಯನಗರ, ಬನಶಂಕರಿಯವರು ದಪ್ಪ ಸಂಪುಟಗಳನ್ನು ಹುಡುಕಿ ಅಲೆಯಬೇಕಿಲ್ಲ, ಮೊಬೈಲ್ ಇದ್ದರೆ ಸಾಕು!

● ‘ವಚನ ಸಂಚಯ’ ಜಾಲತಾಣದಲ್ಲಿ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮ ಸೇರಿದಂತೆ 12ನೇ ಶತಮಾನದ ಶರಣರು ಹಾಗೂ ನಂತರದವರ 20 ಸಾವಿರಕ್ಕೂ ಹೆಚ್ಚು ವಚನಗಳು ಉಚಿತವಾಗಿ ಸಿಗುತ್ತವೆ. ಒಂದು ಪದ ಕೊಟ್ಟರೆ, ಅದು ಯಾವ ಯಾವ ವಚನದಲ್ಲಿದೆ ಎಂದೂ ತೋರಿಸುತ್ತದೆ.

● ದಾಸರ ಕೀರ್ತನೆಗಳಿಗೆ ‘ದಾಸ ಸಂಚಯ’ ಇದೆ.

● ಹಳೆಯ ಮುದ್ರಿತ ಗ್ರಂಥಗಳ ಸ್ಕ್ಯಾನ್ ಪ್ರತಿಗಳು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಲಭ್ಯ. ಬೆಂಗಳೂರಿನಲ್ಲೇ ಸ್ಕ್ಯಾನ್ ಆದ ಅನೇಕ ಕನ್ನಡ ಪುಸ್ತಕಗಳೂ ಅಲ್ಲಿವೆ.

● ಪ್ರಾಚೀನ ಕೃತಿಗೆ ಹಕ್ಕುಸ್ವಾಮ್ಯವಿಲ್ಲ. ಆದರೆ ಇತ್ತೀಚಿನ ಅನುವಾದ, ವ್ಯಾಖ್ಯಾನಕ್ಕೆ ಇರುತ್ತದೆ. ಭಾರತದಲ್ಲಿ ಅದರ ಅವಧಿ ಸಾಮಾನ್ಯವಾಗಿ ಲೇಖಕರ ನಿಧನಾನಂತರ 60 ವರ್ಷ. ಹಂಚುವ ಮುನ್ನ ಗಮನಿಸಿ.